ಮುಟ್ಟಿ ನೋಡು

ಡಬ್ಲಿನ್ನಿನ ಕಾಫಿ ಅಂಗಡಿಯ ಮಾಳಿಗೆಯಲ್ಲಿ
ಮೂರು ವಾರದಿಂದ ಒಂದೇ ಜಗಳ:
ಹುಟ್ಟುಕುರುಡನೊಬ್ಬನಿಗೆ ನಾಳೆ ಬೆಳಗ್ಗೆ
ಇದ್ದಕ್ಕಿದ್ದಂತೆ ಕಣ್ಣು ಕಾಣತೊಡಗಿದರೆ,
ಮೇಜಿನ ಮೇಲಿಟ್ಟ ಮರದ ತುಂಡುಗಳಲ್ಲಿ
ಗುಂಡು ಯಾವುದು, ಚೌಕ ಯಾವುದು
ಮುಟ್ಟದೆ ಹೇಳಬಲ್ಲನೆ?

ಬಲ್ಲ, ಎಂದರು ಕ್ರಾಡಕ್ ಸಾಹೇಬರು. ಆಕಾರವೆಂಬುದು
ಬುದ್ಧಿಯಲ್ಲಿ ಹುಟ್ಟಿನಿಂದಲೇ ಕೆತ್ತಿದ್ದು.
ಇಲ್ಲ, ಎಂದರು ವೆದರಿಲ್. ಮನಸ್ಸು ಬರಿಯ ಹಾಳೆ;
ಕೈ ಬರೆದ ಲಿಪಿಯನ್ನು ಕಣ್ಣು ಓದಲಾರದು.
ವಿಗ್ಗಿನ ಪುಡಿ ಕಾಫಿಗೆ ಉದುರುವಷ್ಟು ವಾದ.

ಬಟ್ಟಲು ಎತ್ತಲು ಬಂದ ಹುಡುಗ ಹೇಳಿದ:
ಹೊಳೆದಂಡೆಯಲ್ಲಿ ಸಿಂಪಿ ಬಿಡಿಸಿ ಮಾರುವ ಒನೋರಾ ಇದ್ದಾಳಲ್ಲ,
ಹುಟ್ಟುಕುರುಡಿ. ಅವಳನ್ನೇ ಕೇಳಬಾರದೆ?
ಇದು ಯಾರಿಗೂ ಹೊಳೆದಿರಲಿಲ್ಲ.

ಬಂದಳು. ಲಂಗದ ಅಂಚಿನಿಂದ ಉಪ್ಪುನೀರು ತೊಟ್ಟಿಕ್ಕುತ್ತ,
ಹೆಬ್ಬೆರಳ ತುಂಬ ಚಾಕು ಕಚ್ಚಿದ ಗುರುತು.
ಗುಂಡನ್ನು ಕೈಗಿತ್ತರು. ತಿರುಗಿಸಿದಳು.
"ಇಲ್ಲೊಂದು ಕಡೆ ಚಪ್ಪಟೆಯಿದೆ ಸ್ವಾಮಿ,
ಕಡೆಯುವಾಗ ಹಿಡಿದ ಜಾಗ."
ಮೂರು ವಾರ ನೋಡಿದ್ದ ಕಣ್ಣುಗಳು
ಒಂದನ್ನೊಂದು ನೋಡಿಕೊಂಡವು.

ಪ್ರಶ್ನೆ ಕೇಳಿದರು. ತುಸು ಹೊತ್ತು ಸುಮ್ಮನಿದ್ದಳು.
"ಗುಂಡಿನ ಗೊಡವೆ ನನಗೇಕೆ?
ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ, ಫಿಯಕ್ರ.
ಬಾಯಿ ಬಿಡಬೇಡ ಎಂದು ಹೇಳಿ
ಹತ್ತು ಮಕ್ಕಳ ನಡುವೆ ಅವನನ್ನು ನಿಲ್ಲಿಸಿದರೆ
ಆ ಹೊಸ ಕಣ್ಣು ಅವನ ಗುರುತು ಹಿಡಿದೀತೆ?
ಬೇರೆಯವರ ಮಗುವನ್ನು ನೋಡಿ ನಕ್ಕುಬಿಟ್ಟರೆ?
ಅವನು ಅದನ್ನು ನೋಡುತ್ತ ನಿಂತಿದ್ದರೆ?"

ಯಾರೋ ಕೆಮ್ಮಿದರು.
ಲೇಖನಿ ಮಸಿಯಲ್ಲೇ ಉಳಿಯಿತು.
ಒಂದು ನಾಣ್ಯ ಕೊಟ್ಟು ಕಳಿಸಿದರು.
ಆ ರಾತ್ರಿಯ ಪತ್ರದಲ್ಲಿ, ಕೆಳಗಿನ ಸಾಲಿನಲ್ಲಿ:
ಹೆಂಗಸು ವಿಷಯ ಬಿಟ್ಟು ಮಾತಾಡಿದಳು.

ನಾನಿದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.
ಇಲ್ಲಿ ಎಲ್ಲವನ್ನೂ ನೋಡುತ್ತೇವೆ:
ತಿಂದು ನೋಡು, ಮೂಸಿ ನೋಡು, ಕೇಳಿ ನೋಡು.
ಸಾರಿನ ಉಪ್ಪು ನೋಡುವುದು ನಾಲಗೆ.
ಆ ಜಗಳಕ್ಕೆ ನಮ್ಮ ವ್ಯಾಕರಣ
ಎಂದೋ ರಾಜಿ ಬರೆದಿದೆ ಎಂದು ಬೀಗಿದ್ದೆ,
ಅವಳ ಮಾತಿಗೆ ಬರುವ ತನಕ.

ಒನೋರಾ ಹೊಳೆಗೋಡೆ ಸವರುತ್ತ ಮನೆಗೆ ಬಂದಳು.
ಒಲೆಯಲ್ಲಿ ಹುಲ್ಲುಮಣ್ಣಿನ ಹೊಗೆ. ಮಗ ಮಲಗಿದ್ದ.
ಎಡಹುಬ್ಬಿನ ಗಾಯದ ಕಲೆ, ಒದ್ದೆ ಬಾಯಿ,
ತುಸು ಮಡಚಿದ ಒಂದು ಕಿವಿ.
ಬೆರಳು ಎರಡು ಸಲ ಓಡಿತು, ಇನ್ನೊಂದು ಸಲ.
ಏನಮ್ಮಾ, ಎಂದ ನಿದ್ದೆಯಲ್ಲೇ.

ತನ್ನ ಭಾಷೆಯಲ್ಲಿ ಅವಳು ಏನೆಂದಳೋ.
ನನಗೆ ಕೇಳಿಸಿದ್ದು ಇಷ್ಟು:
"ಏನಿಲ್ಲ ಮಗು. ನೋಡಿದೆ."