ನೋಡೂಣಂತ

ಸಪ್ತಾಪುರ ಬಾವಿ ಹತ್ರ ಬಾಡಿಗಿ ಖೋಲಿ.
ಕಿಡಕಿ ಎದುರು ಗ್ವಾಡಿ, ಗ್ವಾಡಿ ಮ್ಯಾಲೆ
ಕೋಚಿಂಗ್ ಕ್ಲಾಸಿನವರು ಬರೆಸಿದ ಫೋನ್ ನಂಬರು.
ಆ ಹತ್ತೂ ಅಂಕಿ ನನಗ ಬಾಯಿಪಾಠ ಆಗ್ಯಾವ,
ಮೂರನೇ ಅಧ್ಯಾಯದ ಮೊದಲ ಸಾಲು ಇನ್ನಾ ಆಗಿಲ್ಲ.

ನನ್ನ ಸಂಶೋಧನಾ ವಿಷಯ ಕೇಳಿದವರು ನಗತಾರ:
ಧಾರವಾಡ, ಗದಗ ಸೀಮಿಯೊಳಗ ಮುಂದೂಡುವ ಮಾತುಗಳು.
ಹೌದ್ರಿ. ನಾಕು ವರ್ಷ ಊರೂರು ತಿರಗಿ
ಬೂಟಿನ ಡಬ್ಬ್ಯಾಗ ಕೂಡಿಟ್ಟೀನಿ ಚೀಟಿ.
ಅಣ್ಣಿಗೇರಿ ದರ್ಜಿ: ‘ಐತವಾರ ಬರ್ರಿ, ಗುಂಡಿ ಹಚ್ಚೂದೊಂದ ಉಳದೈತಿ.’
ಮುಳಗುಂದದ ಕಾರಕೂನ: ‘ಸಾಹೇಬ್ರು ಬರಲಿ, ನೋಡೂಣಂತ.’

ನೋಡೂಣಂತ.
ಈ ಮಾತಿನೊಳಗ ನೋಡುವವರು ಯಾರೂ ಇಲ್ಲ,
ನೋಡುವ ದಿನಾನೂ ಇಲ್ಲ; ಕಡೀಕ ಒಂದು ‘ಅಂತ’,
ಯಾರೋ ಹೇಳಿದ್ದನ್ನ ನಾವು ಬರೇ ಮುಟ್ಟಿಸಿದಂಗ.
‘ಆತ್ ತಗೋ’ ಅನ್ನೂದು ಇನ್ನೂ ಶಾಣೇತನ,
ಆಗದ ಕೆಲಸಕ್ಕ ಭೂತಕಾಲ.

ಇಷ್ಟೆಲ್ಲಾ ತಿಳದೈತಿ. ಬರದಿಲ್ಲ.

ಬದಲಿಗೆ ಚೀಟಿಗೆ ಬಣ್ಣ ಹಚ್ಚಿದೆ: ಹಳದಿ ನಾಳೆ, ನೀಲಿ ನಾಡದ್ದು.
ಪೆನ್ನು ತರಾಕ ಸುಭಾಸ ರೋಡಿಗೆ ಹೋದೆ,
ಪೆನ್ನಿಗೊಂದು ಚೀಲ ತರಾಕ ಮತ್ತ ಹೋದೆ.
ವೇಳಾಪಟ್ಟಿ ಬರದೆ, ಅಕ್ಷರ ಚಂದ ಬರಲಿಲ್ಲಂತ ತಿರಗಿ ಬರದೆ.
ಫೋನನ್ನ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಹುಗದಿಟ್ಟೆ,
ಕಾಲು ತಾಸಿನ್ಯಾಗ ಕೈಯೆಲ್ಲಾ ಹಿಟ್ಟು.

ಇಟಗಿ ಸರ್ ಮೆಟ್ಟಲದಾಗ ಸಿಕ್ಕರು.
‘ಏನ ಹೊಂಬಳ, ಯಾವಾಗ?’
‘ಮುಂದಿನ ವಾರ ನೋಡೂಣಂತ, ಸರ್.’
ಕಿಸೆದಾಗಿನ ಚೀಟಿ ತಗದು, ಗ್ವಾಡಿಗೆ ಆನಿಸಿ ಬರದು ಕೊಟ್ಟರು:
ಮಾಹಿತಿ ಕೊಟ್ಟವರು ನೀಲಗಂಗಾ ಹೊಂಬಳ, ವಯಸ್ಸು ಇಪ್ಪತ್ತೊಂಬತ್ತು,
ಕ್ರಮಸಂಖ್ಯೆ ನಾಕನೂರಾ ಹದಿಮೂರು.
ನಗಲಿಲ್ಲ ಅವರು. ಬರೋ ಜೂನಿಗೆ ಅವರದು ನಿವೃತ್ತಿ.

ಅವತ್ತ ಸಂಜಿ ಖಾನಾವಳಿಗೆ ಲಗೂನ ಹೋದೆ.
ಉಣ್ಣವರು ಯಾರೂ ಬಂದಿರಲಿಲ್ಲ, ಬಾಳವ್ವ ಈಗಷ್ಟ ಒಲಿ ಹಚ್ಚಿದ್ಲು.
‘ದಿನಾ ಇನ್ನೂರು ರೊಟ್ಟಿ, ಬ್ಯಾಸರ ಬರೂದಿಲ್ಲೇನಬೇ?’
‘ಬರದ ಏನು? ಹೆಂಚು ಕಾದಿರತೈತಿ, ನಾ ಏನ ಮಾಡ್ಲಿ?
ಕಾಯೂಕಿಂತ ಮದ್ಲ ಕೇಳಿದ್ರ ನಾನೂ ಒಲ್ಲೆ ಅಂತಿದ್ದೆ.’
ಮಾತಾಡತಾನ ಮೊದಲ ರೊಟ್ಟಿ ತಗದು, ತಿರಗಿ ಸೈತ ನೋಡದ,
ಬಾಗಲಾಚೆ ಕೆಂದನಾಯಿಗೆ ಒಗದ್ಲು.
ಹರಕು, ಒಂದ ಕಡೆ ಕರಕು, ಒಂದ ಕಡೆ ಹಸಿ.
‘ಅದು ಹದ ನೋಡಾಕ. ಮದ್ಲಿಂದು ಯಾರರ ತಾಟಿಗೆ ಹಾಕತಾರೇನು?’

ಈ ಮಾತನ್ನ ಚೀಟಿ ಮಾಡಲಿಲ್ಲ. ವಿಷಯಕ್ಕ ಸಂಬಂಧ ಇರಲಿಲ್ಲ.

ಮರುದಿನ ನಸಕಿನ್ಯಾಗ, ಆಣಿ ಪ್ರಮಾಣ ಏನೂ ಮಾಡದ,
ಮಾರಿ ಸೈತ ತೊಳಕೊಳ್ಳದ ಕುಂತೆ.
ಮೂರನೇ ಅಧ್ಯಾಯ ಅಂತ ಬರದು ಕೆಳಗ ಗೆರಿ ಎಳದೆ.
‘ಪ್ರಾಚೀನ ಕಾಲದಿಂದಲೂ ಮಾನವನು…’
ಥೂ. ನಾಯಿಗೆ.
ಎರಡನೇದೂ ನಾಯಿಗೆ.
ಮೂರನೇದು, ಅಣ್ಣಿಗೇರಿ ದರ್ಜಿ ಬಂದ ಕೂಡಲೇ,
ನಡಬರಕ ಒಂದೀಟು ಉಬ್ಬಿತು.

ಹಿಟ್ಟಿನ ಡಬ್ಬಿ ಒಳಗ ಫೋನು ಗುಂಯ್ ಅಂತು.
ಸುಳ್ಳು ಯಾಕ ಹೇಳ್ಲಿ, ಅರ್ಧಾ ತಾಸು ಅದನ್ನ ನೋಡಿದೆ.
ತಿರಗಿ ಬರೂದ್ರಾಗ ಹೆಂಚು ಆರಿತ್ತು.
ಮತ್ತ ಕಾಸಿದೆ, ಮತ್ತ ಮೊದಲಿಂದು ನಾಯಿಗೆ.
ದೀಪ ಹಚ್ಚೂ ಹೊತ್ತಿಗೆ ಒಂದೂವರಿ ಪುಟ.

ಅಧ್ಯಾಯ ಮುಗದಿಲ್ಲ.
ಇಟಗಿ ಸರ್ ಕೇಳಿದ್ರ ವಾರದ ಹೆಸರು ಹೇಳೂದು ಬಿಟ್ಟೀನಿ,
ಆದಷ್ಟು ಹಾಳಿ ಕೈಯಾಗ ಇಡತೀನಿ,
ಅವರು ಕನ್ನಡಕ ಹುಡುಕತಾರ.
ಗ್ವಾಡಿ ಮ್ಯಾಲಿನ ನಂಬರಿನ್ಯಾಗ ಕಡೀ ಎರಡಂಕಿ
ನಿನ್ನೆ ನೆನಪಾಗಲಿಲ್ಲ.

ಬಾಳವ್ವನ ಬಾಗಲದಾಗಿನ ನಾಯಿ ಇನ್ನಾ ಬಡಕಲ ಐತಿ.
ನಂದು ಮಾತ್ರ ದಿನಾ ದಿನಾ
ದಪ್ಪ ಆಗಾಕತ್ತೇತಿ.