ಸಾಕ್ಷ್ಯ ಸಂಖ್ಯೆ ನಾಲ್ಕು

ಗ್ರಿಮ್ಸ್‌ಬಿಯ ಕೋರ್ಟಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ವಸ್ತುಗಳಿಗೆ ಚೀಟಿ ಕಟ್ಟುವವನು ನಾನು.
ಕಪಾಟು ತೆರೆದರೆ ಅರ್ಧ ಅಡುಗೆಮನೆ:
ಹಿಡಿ ಸಡಿಲಾದ ಬಾಣಲೆ, ಇಸ್ತ್ರಿಪೆಟ್ಟಿಗೆ,
ಕಾಲುಚೀಲದೊಳಗೊಂದು ಬಟಾಣಿ ಡಬ್ಬಿ
(ಬೇರೆ ಬೇರೆ ಇದ್ದಾಗ ಎರಡೂ ಸಾಧುಗಳೇ),
ತುದಿ ಮಸೆದ ಬಾಚಣಿಗೆ,
ಅದರ ಹಲ್ಲಿನಲ್ಲಿ ಇನ್ನೂ ಒಂದು ಕೆಂಚು ಕೂದಲು.

ಕಾಯಿದೆ ಮೂರು ಬಾಗಿಲು ಇಟ್ಟಿದೆ.
ಗಾಯ ಮಾಡಲೆಂದೇ ಹುಟ್ಟಿದ್ದು, ಒಳಗೆ.
ಗಾಯ ಮಾಡಲೆಂದು ತಿದ್ದಿದ್ದು, ಅದೂ ಒಳಗೆ.
ಮೂರನೆಯದಕ್ಕೆ ಚಿಲಕವೇ ಇಲ್ಲ:
ಯಾವುದಾದರೂ ಸರಿ, ಹಿಡಿದವರ ಮನಸ್ಸಿನಲ್ಲಿ ಏನಿತ್ತು?
ಆ ಬಾಗಿಲಿನಿಂದ ಛತ್ರಿ ಬಂದಿದೆ, ಬೀಗದ ಕೈ ಗೊಂಚಲು ಬಂದಿದೆ,
ಒಮ್ಮೆ ಹೆಪ್ಪುಗಟ್ಟಿದ ಕಾಡ್ ಮೀನು ಕೂಡ.
ವಿಚಾರಣೆಗೆ ಮೊದಲೇ ಸಾಕ್ಷ್ಯ ಕರಗಿ ನಾರಿತು,
ಫೋಟೋ ಮಾತ್ರ ಉಳಿದಿದೆ, ಬಾಯಿ ತೆರೆದುಕೊಂಡು.

ಹತಾರ ಎಂಬ ಒಂದೇ ಮಾತಿನೊಳಗೆ
ಬಡಗಿಯೂ ಕೂತಿದ್ದಾನೆ, ಕೊಲೆಗಾರನೂ,
ಬೆನ್ನಿಗೆ ಬೆನ್ನು ತಾಗಿಸಿ.

ನವೆಂಬರಿನ ಒಂದು ಗುರುವಾರ ಬಂದವಳು
ಮ್ಯಾವಿಸ್ ಬ್ಲಾಂಚರ್ಡ್, ಮೀನು ಕಾರ್ಖಾನೆಯ ಹೆಂಗಸು.
ಸಿಕ್ಕಿದ್ದು ರಾತ್ರಿ ಹನ್ನೊಂದೂವರೆಗೆ, ಬಸ್‌ಸ್ಟಾಪಿನಲ್ಲಿ,
ಮಲಗುವ ಉಡುಪಿನ ಮೇಲೆ ಕೋಟು, ಕಾಲಿಗೆ ಮನೆಯೊಳಗಿನ ಚಪ್ಪಲಿ,
ಕೈಚೀಲದ ಬಾಯಿಂದ ಇಣುಕುವ ಲಟ್ಟಣಿಗೆ.
ಪೊಲೀಸ್ ಹುಡುಗಿ ಮೆಲ್ಲಗೇ ಕೇಳಿದಳಂತೆ,
ಇದು ಯಾಕಮ್ಮ ಈ ಹೊತ್ತಲ್ಲಿ?

ಸುಳ್ಳು ಎಷ್ಟು ಹತ್ತಿರವಿತ್ತು!
ತಂಗಿ ಎನಿಡ್‌ಳ ಮನೆಗೆ, ನಾಳೆ ಸೇಬಿನ ಪೈ ಮಾಡಬೇಕು
ಎಂದಿದ್ದರೆ ಅದು ಲಟ್ಟಣಿಗೆಯಾಗಿಯೇ ಬಸ್ಸು ಹತ್ತುತ್ತಿತ್ತು.
ಅವಳು ಹೇಳಿದ್ದು:
ಅವನು ಹಿಂದೆ ಬಂದರೆ, ಅಂತ.

ನಾಲ್ಕೇ ಮಾತು.
ಮೂವತ್ತೊಂದು ವರ್ಷ ಹಿಟ್ಟು ಬಿಟ್ಟು ಬೇರೇನನ್ನೂ ಮುಟ್ಟದ ಮರ
ನಾಲ್ಕು ಮಾತಿಗೆ ಜಾತಿ ಬದಲಿಸಿತು.

ಕಟ್ಟೆಯ ಮೇಲಿದ್ದ ಶ್ರೀಮತಿ ಪೆಟ್ಟಿಫರ್ ಕೆಟ್ಟವರಲ್ಲ.
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ಹೇಳಿದರು:
ಹಳೆಯ ಭಯ ಸಾಲದು,
ಬಿಸಿಯಾಗಿರಬೇಕು, ಆಗಲೇ ಬೆನ್ನ ಹಿಂದೆ
ಹೆಜ್ಜೆ ಸದ್ದು ಕೇಳಿಸುತ್ತಿರಬೇಕು.
ಅವರು ಹೊಡೆದಿದ್ದರೇ? ಇಲ್ಲ.
ಹೊಡೆಯುತ್ತೇನೆ ಎಂದಿದ್ದರೇ? ಇಲ್ಲ.
ಕೈಯಲ್ಲಿ ಏನಾದರೂ ಹಿಡಿದಿದ್ದರೇ?
ಚಮಚ, ಎಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಚಹಾ ಕಲಕಿ ಬಸಿಯ ಅಂಚಿಗೆ ತಟ್ಟುತ್ತಾನೆ.
ಒಂದು ಸಲ ತಟ್ಟಿದರೆ ಏನಿಲ್ಲ.
ಎರಡು ಸಲ ತಟ್ಟಿದರೆ
ಮಕ್ಕಳು ಯಾವ ಕೋಣೆಯಲ್ಲಿದ್ದಾರೆ ಎಂದು ಎಣಿಸುತ್ತಿದ್ದೆ.
ಮಕ್ಕಳು ಬೆಳೆದು ಹೋದರು. ಈಗಲೂ ಎಣಿಸುತ್ತೇನೆ.
ಆ ಗುರುವಾರ ಎಷ್ಟು ಸಲ? ವಕೀಲ ಕೇಳಿದ.
ಅವಳು ಕಟಕಟೆಯ ಮರವನ್ನು ಬೆರಳಿನಿಂದ ತಟ್ಟಿ ತೋರಿಸಿದಳು.
ಒಂದು. ಎರಡು.
ಸ್ವಲ್ಪ ತಡೆದು, ಮೂರು.

ಗುಮಾಸ್ತ ಬರೆದುಕೊಳ್ಳಲು ಪೆನ್ನು ಎತ್ತಿದ,
ಏನು ಬರೆಯುವುದೆಂದು ತಿಳಿಯದೆ ಇಳಿಸಿದ.

ತಪ್ಪಿತಸ್ಥೆ. ಒಂದು ವರ್ಷ ಸರಿಯಾಗಿದ್ದರೆ ಶಿಕ್ಷೆಯಿಲ್ಲ.
ವಸ್ತುವನ್ನು ನಾಶಪಡಿಸತಕ್ಕದ್ದು.
ಅದು ನನ್ನ ಕೆಲಸ. ರಿಜಿಸ್ಟರಿನಲ್ಲಿ ಬರೆದೆ:
ಮರದ್ದು, ಒಂದು. ಉದ್ದ ಹದಿನೇಳು ಅಂಗುಲ.
ಹಿಡಿಯ ಸಂದಿಯಲ್ಲಿ ಒಣಗಿದ ಹಿಟ್ಟು.
ಹಿಟ್ಟಿನ ವಿಷಯ ಬರೆಯಬೇಕೆಂದು ನಿಯಮವಿಲ್ಲ.

ಸಂಜೆ ಮನೆಯಲ್ಲಿ ಚಹಾ ಕಲಕಿದೆ.
ಚಮಚದ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು,
ಕೈ ತಾನಾಗಿಯೇ ಬಸಿಯ ಅಂಚಿನತ್ತ ಹೋಯಿತು.
ಎದುರಿಗೆ ನನ್ನವಳು ಪತ್ರಿಕೆ ಓದುತ್ತಿದ್ದಳು.
ಹನಿ ತಾನೇ ಬೀಳಲಿ ಎಂದು ಕಾದೆ.

ಅವನ ಚಮಚಕ್ಕೆ ಸಂಖ್ಯೆಯಿಲ್ಲ, ಚೀಟಿಯಿಲ್ಲ.
ಆ ಮನೆಯ ಡ್ರಾಯರಿನಲ್ಲೇ ಇದೆ,
ತೊಳೆದು, ಒರೆಸಿ, ಫೋರ್ಕುಗಳ ಪಕ್ಕದಲ್ಲಿ.