ಹೆಬ್ಬೆಟ್ಟು

ನೆಟ್ಟಾ ಪೆಟಿಗ್ರೂ. ಕನ್ನಡದ ಕಿವಿಗೆ
ಹೆಸರಿನಲ್ಲೇ ಒಂದು ಪೆಟ್ಟಿಗೆ.
ಅವಳಿಗದು ಗೊತ್ತಿಲ್ಲ. ಕಿಲ್ಮಾರ್ನಕ್‌ನ ಎರಡನೇ ಮಹಡಿಯಲ್ಲಿ
ಕಿಟಕಿಗೆ ಬೆನ್ನು ಮಾಡಿ, ಭೂತಗನ್ನಡಿ ಹಿಡಿದು
ಮರದ ಡಬ್ಬಿಯೊಂದರ ಮುಚ್ಚಳ ಓದುತ್ತಿದ್ದಾಳೆ.

ನಲವತ್ತಮೂರು ಇವೆ.
ಸೂಜಿಯದು, ನಶ್ಯದ್ದು, ಅಂಚೆಚೀಟಿಯದು,
ದಾರದ ತುದಿ ಇಣುಕಲು ಮೂಳೆಯ ಕಣ್ಣಿಟ್ಟದ್ದು.
ಎಲ್ಲ ಸಿಕಮೋರ್ ಮರ, ಹಳೇ ತುಪ್ಪದ ಬಣ್ಣ,
ಮೇಲೆ ಕಪ್ಪು ಗೆರೆಯಲ್ಲಿ ಒಂದೊಂದು ಊರು:
ರಾತ್ಸೇಯ ಹಡಗುಕಟ್ಟೆ, ಯಾವುದೋ ಸೇತುವೆ,
ಈಗಿಲ್ಲದ ಹೋಟೆಲು. ಅಡಿಯಲ್ಲಿ, ನೆನಪಿನ ಕಾಣಿಕೆ.
ಊರುಗಳನ್ನು ಅವಳು ನೋಡುವುದಿಲ್ಲ.

ವ್ಯಾಪಾರಿ ಸ್ಟ್ರೂವನ್‌ಗೆ ಮೊದಮೊದಲು ಅರ್ಥವಾಗಲಿಲ್ಲ:
"ಚಿತ್ರ ಇರೋದು ಮೇಲುಗಡೆ, ಮೇಡಂ."
ಅವಳು ತಳ ನೋಡುತ್ತಾಳೆ, ಅಂಚು ನೋಡುತ್ತಾಳೆ,
ಹಾ ಎಂದು ಉಸಿರು ಬಿಟ್ಟು
ಆವಿ ಆರುವ ತನಕ ಕಾಯುತ್ತಾಳೆ.

ಅಜ್ಜಿ ಬೀನಿ ಮಾಖ್ಲಿನ್‌ನ ಡಬ್ಬಿ ಕಾರ್ಖಾನೆಯಲ್ಲಿ
ಚಿತ್ರ ಅಂಟಿಸುತ್ತಿದ್ದಳು.
ತಾಮ್ರದ ತಗಡಿನಿಂದ ಕಾಗದಕ್ಕೆ ಇಳಿದದ್ದನ್ನು
ಮರದ ಮೇಲೆ ಬೋರಲು ಹಾಕಿ ಒತ್ತಬೇಕು,
ನೀರು ತಾಗಿಸಿ ಕಾಗದ ಸುಲಿಯಬೇಕು,
ಊರು ಮರದಲ್ಲಿ ಉಳಿಯುತ್ತದೆ.
ಆಮೇಲೆ ವಾರ್ನಿಷು, ಒಣಗಿಸು, ಮತ್ತೆ ವಾರ್ನಿಷು,
ವಾರಗಟ್ಟಲೆ.
ಸಮುದ್ರ ಕಾಣದ ಹುಡುಗಿ
ದಿನಕ್ಕೆ ಇನ್ನೂರು ಹಡಗುಕಟ್ಟೆ ಕಟ್ಟುತ್ತಿದ್ದಳು.

ಒಮ್ಮೊಮ್ಮೆ ಅರೆಹಸಿ ವಾರ್ನಿಷಿಗೆ ಬೆರಳು ತಗಲುತ್ತಿತ್ತು.
ಮೇಸ್ತ್ರಿ ಕಂಡರೆ ಕೂಲಿಯಲ್ಲಿ ಕಡಿತ,
ಕಾಣದಿದ್ದರೆ ಮುಂದಿನ ಪದರ
ಅದನ್ನು ಹೊದಿಸಿ ಮಲಗಿಸುತ್ತಿತ್ತು.

ನಮ್ಮಲ್ಲಿ ಹೆಬ್ಬೆಟ್ಟೆಂದರೆ ಅಕ್ಷರ ಬಾರದವರ ರುಜು.
ಬೀನಿಗೆ ಅಕ್ಷರ ಬರುತ್ತಿತ್ತು.
ರುಜು ಹಾಕಲು ಜಾಗವಿರಲಿಲ್ಲ.

ನೆಟ್ಟಾಗೆ ನೆನಪಿರುವ ಹೆಬ್ಬೆರಳು
ಅಗಲ, ಒರಟು, ನಡುವೆ ಅಡ್ಡಕ್ಕೊಂದು ಗಾಯದ ಗೆರೆ.
ಕೋಟಿನ ಗುಂಡಿ ಹಾಕುವಾಗ
ಗದ್ದಕ್ಕೆ ತಾಗಿ ಗೊತ್ತು.
ಆ ಗೆರೆಗಾಗಿ ಹತ್ತೊಂಬತ್ತು ವರ್ಷ.
ಸಿಕ್ಕಿದ್ದು ಅರ್ಧ ತೋರುಬೆರಳು, ಒರೆಸಿಹೋದ ಸುಳಿ,
ಎರಡು ಡಬ್ಬಿಗಳಲ್ಲಿ ಪುಟ್ಟ ಪುಟ್ಟ ಗುರುತು.
ಯಾವುದೋ ಮಗು ಆಡಿದ್ದಿರಬೇಕೆಂದು
ಅವನ್ನು ಸ್ಟ್ರೂವನ್‌ಗೇ ಮರಳಿಸಿದಳು, ಅರ್ಧ ಬೆಲೆಗೆ.

ಮೊನ್ನೆ ಟ್ರೂನ್‌ನಲ್ಲಿ
ಸೋದರತ್ತೆ ಯೂಫೀಮಿಯಾ, ತೊಂಬತ್ತಾರು,
ಚಹಾಕ್ಕೆ ಬಿಸ್ಕತ್ತು ಅದ್ದುತ್ತ:
"ಆ ಗಾಯವಾ? ಅದು ನಾನು ಹುಟ್ಟಿದ ಮೇಲೆ.
ಸೊಸೈಟಿ ಅಂಗಡಿಯ ಮಾಂಸ ಹೆಚ್ಚುವ ಯಂತ್ರ.
ಡಬ್ಬಿ ಕೆಲಸಕ್ಕೆ ಹೋದಾಗ ಅವಳಿಗೆ ಹನ್ನೆರಡೋ ಏನೋ.
ಮೇಜು ಎಟುಕುತ್ತಿರಲಿಲ್ಲವಂತೆ,
ಕಾಲಡಿಗೆ ಒಂದು ಪೆಟ್ಟಿಗೆ ಹಾಕಿಕೊಳ್ಳುತ್ತಿದ್ದಳಂತೆ."
ಬಿಸ್ಕತ್ತು ಮುರಿದು ಲೋಟದಲ್ಲಿ ಮುಳುಗಿತು.
ಇಬ್ಬರೂ ಅದನ್ನೇ ನೋಡಿದರು.

ವಾಪಸು ಬಸ್ಸಿನಲ್ಲಿ ನೆಟ್ಟಾ ಕೈಗವಸು ತೆಗೆದು
ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು.
ಹುಡುಕಿದ್ದು ಅಜ್ಜಿಯನ್ನು.
ಆ ಕಾರ್ಖಾನೆಯೊಳಗೆ ಯಾವ ಅಜ್ಜಿಯೂ ಇರಲಿಲ್ಲ.

ಸ್ಟ್ರೂವನ್‌ಗೆ ಫೋನು.
"ನಾನು ಹಿಂದಕ್ಕೆ ಕೊಟ್ಟ ಎರಡು?"
"ಒಂದು ಪರ್ತ್‌ಗೆ ಹೋಯಿತು.
ಇನ್ನೊಂದು ನನ್ನ ಮಗಳ ಹತ್ತಿರ.
ಬಿದ್ದ ಹಾಲುಹಲ್ಲು ಹಾಕಿಡುತ್ತಾಳೆ."
"ಮುಚ್ಚಳದ ಒಳಬದಿ, ಎಡಕ್ಕೆ, ನೋಡುತ್ತೀಯಾ?"

ಆಚೆ ಏನೂ ಕೇಳಿಸಲಿಲ್ಲ ಸ್ವಲ್ಪ ಹೊತ್ತು.
ಮೆಟ್ಟಿಲು ಹತ್ತಿದ ಸದ್ದು, ಬಾಗಿಲು,
ಹಲ್ಲುಗಳು ಗಲಗಲ ಎಂದವು.
"ಇದೆ. ಇವಳ ಬೆರಳಿಗೆ ಅಳತೆ ತೆಗೆದ ಹಾಗಿದೆ.
ಬೇಕಾ ನಿಮಗೆ?"

"ಎಷ್ಟು ವರ್ಷ," ನೆಟ್ಟಾ ಕೇಳಿದಳು, "ಎಷ್ಟು ವರ್ಷ ಅವಳಿಗೆ?"